ಆರು ಕಣ್ಣು, ಹದಿನೈದು ಸೊನ್ನೆ

ಸಾಫ್ಟ್‌ವೇರ್ ಮಾಡುವವರು ಸ್ಕ್ರೀನ್ ಡಿಸೈನನ್ನು ಪರೀಕ್ಷೆ ಮಾಡೋದೇ ಇಲ್ಲ ಅಂತ ಯಾರಾದರೂ ದೂರಿದರೆ ನಂಬಬೇಡಿ. ಜಾಸ್ತಿಯೇ ಮಾಡುತ್ತಾರೆ. ಮ್ಯಾನೇಜರ್ ನೋಡುತ್ತಾರೆ, ಅವರ ಮ್ಯಾನೇಜರ್ ನೋಡುತ್ತಾರೆ, ಕ್ಲೈಂಟ್ ಕಡೆಯ ದೊಡ್ಡವರು "ಲೋಗೋ ಇನ್ನೂ ಸ್ವಲ್ಪ ದೊಡ್ಡದಿರಲಿ" ಅನ್ನುತ್ತಾರೆ. ಗೂಗಲ್‌ನಲ್ಲಂತೂ ಒಮ್ಮೆ 41 ಬಗೆಯ ನೀಲಿಯನ್ನು ಪರೀಕ್ಷಿಸಿದ್ದರು. 2009ರಲ್ಲಿ ಅಲ್ಲಿನ ಹಿರಿಯ ಡಿಸೈನರ್ ಒಬ್ಬರು ಈ ಸಹವಾಸವೇ ಸಾಕು ಅಂತ ಕೆಲಸ ಬಿಟ್ಟರು. ಐದು ಜನ ಬಳಕೆದಾರರನ್ನು ಕೂರಿಸಿ ನೋಡಿದರೆ ಹೆಚ್ಚಿನ ತಪ್ಪುಗಳು ಸಿಗುತ್ತವೆ ಅಂತ ಬಳಕೆಗೆ ಸುಲಭವಾದ ಡಿಸೈನಿನ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಆದರೆ ದಿನಾ ಆ ಸ್ಕ್ರೀನ್ ಬಳಸುವ ಐದು ಜನ ಗುಮಾಸ್ತರನ್ನು ಮೀಟಿಂಗಿಗೆ ಕರೆಯೋದು ಯಾರು? ಊರೆಲ್ಲ ಒಪ್ಪಿ ಮದುವೆ ನಿಶ್ಚಯವಾಗುತ್ತದೆ, ಹುಡುಗಿಯನ್ನು ಕೇಳೋದು ಮರೆತಿರುತ್ತದೆ.

ಸಿಟಿಬ್ಯಾಂಕ್ ಕಥೆ ನೋಡಿ. 2020ರ ಆಗಸ್ಟ್ 11. ರೆವ್ಲಾನ್ ಅನ್ನೋ ಸೌಂದರ್ಯವರ್ಧಕ ಕಂಪನಿಗೆ ಸಾಲ ಕೊಟ್ಟವರಿಗೆ ಆ ಕಂಪನಿಯ ಪರವಾಗಿ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಫ್ಲೆಕ್ಸ್‌ಕ್ಯೂಬ್ ಅನ್ನೋ ಸಾಫ್ಟ್‌ವೇರಿನಲ್ಲಿ ಅದನ್ನು ಕಳಿಸಬೇಕಾದರೆ ಇಡೀ ಸಾಲವೇ ತೀರುತ್ತಿದೆ ಅಂತ ನಟಿಸಬೇಕು. ಅಸಲನ್ನು ಬ್ಯಾಂಕಿನ ಒಳಗಿನ ಖಾತೆಯೊಂದಕ್ಕೆ ತಿರುಗಿಸಬೇಕು. ಅದಕ್ಕೆ ಮೂರು ಚೌಕಗಳಲ್ಲಿ ಟಿಕ್ ಹಾಕಬೇಕು: 'ಪ್ರಿನ್ಸಿಪಲ್', 'ಫ್ರಂಟ್', 'ಫಂಡ್'. ತಿರುಗಿಸಬೇಕಾದದ್ದು ಅಸಲು, ಹಾಗಾಗಿ ಪ್ರಿನ್ಸಿಪಲ್‌ಗೆ ಟಿಕ್ ಬಿತ್ತು. ಉಳಿದೆರಡು ಖಾಲಿ. ನನಗೂ ನಿಮಗೂ ಹಾಗೇ ಅನ್ನಿಸುತ್ತಿತ್ತು, ಅಲ್ವಾ?

ಬ್ಯಾಂಕಿನಲ್ಲಿ 'ಆರು ಕಣ್ಣು' ನಿಯಮವಿತ್ತು. ಮೂವರು ನೋಡಿದ ಮೇಲೇ ಹಣ ಹೊರಡಬೇಕು. ನಾಲ್ಕು ಕಣ್ಣು ಭಾರತದಲ್ಲಿ, ಎರಡು ಅಮೆರಿಕದಲ್ಲಿ. ಸ್ಕ್ರೀನ್ ಕೂಡ ಎಚ್ಚರಿಸಿತು: ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ, ಮುಂದುವರಿಯಬೇಕೇ? ಎಷ್ಟು ಹಣ ಅಂತ ಮಾತ್ರ ಹೇಳಲಿಲ್ಲ. ಬಡ್ಡಿ ಹೊರಗೆ ಹೋಗಲೇಬೇಕಿತ್ತಲ್ಲ, ಹೂಂ ಅಂದರು. ಉಳಿದೆರಡು ಟಿಕ್ ಇಲ್ಲದ್ದರಿಂದ ಬಡ್ಡಿಯ ಜೊತೆ ಅಸಲೂ ಸೇರಿ ಸುಮಾರು 90 ಕೋಟಿ ಡಾಲರ್ ಹೋಯಿತು.

ಕೆಲವರು ವಾಪಸ್ ಕೊಟ್ಟರು. ಸುಮಾರು 50 ಕೋಟಿ ಹಿಡಿದುಕೊಂಡವರು "ಇಷ್ಟು ದೊಡ್ಡ ಬ್ಯಾಂಕು ಇಷ್ಟು ದೊಡ್ಡ ತಪ್ಪು ಮಾಡುತ್ತದೆ ಅಂತ ಯಾರು ನಂಬುತ್ತಾರೆ" ಎಂದು ವಾದಿಸಿದರು. 2021ರಲ್ಲಿ ಜಡ್ಜ್ ಅದನ್ನು ಒಪ್ಪಿಬಿಟ್ಟರು! ಮೇಲಿನ ಕೋರ್ಟ್ ಆ ತೀರ್ಪನ್ನು ತಿರುಗಿಸುವ ಹೊತ್ತಿಗೆ 2022ರ ಸೆಪ್ಟೆಂಬರ್ ಬಂದಿತ್ತು.

ಇಷ್ಟಾದ ಮೇಲೆ ಸ್ಕ್ರೀನುಗಳು ಸುಧಾರಿಸಿರಬೇಕು ಅಂದುಕೊಂಡಿರಾ? 2024ರ ಏಪ್ರಿಲ್‌ನಲ್ಲಿ ಅದೇ ಬ್ಯಾಂಕು ಒಬ್ಬ ಗ್ರಾಹಕರಿಗೆ 280 ಡಾಲರ್ ಹಾಕಲು ಹೋಗಿ 81 ಲಕ್ಷ ಕೋಟಿ ಡಾಲರ್ ಜಮಾ ಮಾಡಿತು. ಅಪರೂಪಕ್ಕೆ ಬಳಸುವ ಆ ಸ್ಕ್ರೀನಿನಲ್ಲಿ ಮೊತ್ತದ ಜಾಗದಲ್ಲಿ 15 ಸೊನ್ನೆ ಮೊದಲೇ ತುಂಬಿರುತ್ತಿದ್ದವು. ಗುಮಾಸ್ತರು ಅವನ್ನು ಅಳಿಸಬೇಕಿತ್ತು. ಅಮೆರಿಕದ ಇಡೀ ವರ್ಷದ ಒಟ್ಟು ಉತ್ಪನ್ನವೇ (ಜಿಡಿಪಿ) ಆಗ 30 ಲಕ್ಷ ಕೋಟಿ ಡಾಲರಿನ ಒಳಗಿತ್ತು. ಅದಕ್ಕಿಂತ ಸಿರಿವಂತ ಗಿರಾಕಿ ಯಾವತ್ತಾದರೂ ಬಂದರೆ ಟೈಪ್ ಮಾಡುವ ಶ್ರಮ ಬೇಡ ಅಂತ ಯಾರೋ ದೂರಾಲೋಚನೆ ಮಾಡಿದ್ದರು, ಪಾಪ.

ಇಬ್ಬರು ನೋಡಿ ಬಿಟ್ಟರು. ಮೂರನೆಯವರಿಗೆ ಒಂದೂವರೆ ಗಂಟೆಯ ನಂತರ ಕಂಡಿತು. ಹಣ ಬ್ಯಾಂಕಿನಿಂದ ಹೊರಗೆ ಹೋಗಲಿಲ್ಲ. ಆರರಲ್ಲಿ ಎರಡು ಕಣ್ಣು ಕೆಲಸ ಮಾಡಿದವು ಅಂದರೆ ಪ್ರಗತಿಯೇ ಅನ್ನಿ.