ಅಭಿಮಾನಿಗಳ ಸಮೇತ ಮಾರಾಟಕ್ಕಿದೆ

ನಮ್ಮ ಬೆಂಗಳೂರಿನ ಐಪಿಎಲ್ ಕ್ರಿಕೆಟ್ ತಂಡ ಆರ್‌ಸಿಬಿ ಮಾರಾಟದ ಸುದ್ದಿ ಬಂದಾಗ ನಮ್ಮ ಜನ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಯಾವ ಕೋಟ್ಯಧಿಪತಿ ಕೊಂಡರೆ ಒಳ್ಳೇದು ಅಂತ ಜಗಳಕ್ಕೆ ಬಿದ್ದಿದ್ದು. ಯಾಕ್ರೀ ಮಾರ್ತಿದ್ದೀರಿ ಅಂತ ಕೇಳಿದವರು ಕಡಿಮೆ. ಮಾಲೀಕರು ಪಾಪ ಅದನ್ನೂ 2025ರ ನವೆಂಬರ್‌ನಲ್ಲೇ ಸಭ್ಯವಾಗಿ ಹೇಳಿದ್ದರು. ತಂಡ ಬೆಲೆಬಾಳುವ ಆಸ್ತಿ ನಿಜ, ಆದರೆ ನಮ್ಮ ಮುಖ್ಯ ಕಸುಬು ಮದ್ಯ, ಇದು ಅದರೊಳಗೆ ಬರುವುದಿಲ್ಲ ಅಂತ. ನೀವು ಎದೆ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದು ಅವರಿಗೆ ಸೈಡ್ ಬಿಸಿನೆಸ್ಸು.

ಸರಿ, ಆ ಬೆಲೆಯಾದರೂ ಬಂದಿದ್ದೆಲ್ಲಿಂದ? 2008ರಲ್ಲಿ 11.16 ಕೋಟಿ ಡಾಲರ್ ಕೊಟ್ಟು ಹಿಡಿದ ತಂಡ ಇದು. ಸ್ವಂತ ಸ್ಟೇಡಿಯಂ ಇಲ್ಲ. ಆಟಗಾರರು ಹರಾಜಿನಲ್ಲಿ ಬಂದು ಹರಾಜಿನಲ್ಲೇ ಹೋಗುವವರು. ಟೀವಿ ದುಡ್ಡಿನ ಪಾಲು ಬರುತ್ತೆ, ಆ ಟೀವಿ ನೋಡುವವರೂ ನಾವೇ ಅಲ್ವಾ. ಹಸು ಮಾರುವಾಗ ಕರುವನ್ನೂ ಜೊತೆಗೇ ಅಟ್ಟುವ ಹಾಗೆ ನಮ್ಮನ್ನೂ ಸೇರಿಸಿ ರೇಟು ಕಟ್ಟಿದ್ದಾರೆ.

ಕಟ್ಟಲೇಬೇಕು ಬಿಡಿ. ಇಂಥ ಗಿರಾಕಿ ಬೇರೆಲ್ಲಿ ಸಿಗ್ತಾನೆ? 2016ರ ಫೈನಲ್ಲನ್ನು ಟೀಂ ತನ್ನ ಊರಲ್ಲೇ 8 ರನ್ನಿನಿಂದ ಸೋತಾಗ ಅತ್ತು, ಕಣ್ಣೊರೆಸಿಕೊಂಡು, ಮುಂದಿನ ಸಲ ಕಪ್ ನಮ್ದೇ ಅಂದ. ಮುಂದಿನ ಸಲ ಟೀಂ 49ಕ್ಕೆ ಆಲೌಟ್. 2024ರಲ್ಲಿ ಮೊದಲ 8 ಮ್ಯಾಚಲ್ಲಿ 7 ಸೋತಾಗಲೂ ನೆಟ್ ರನ್ ರೇಟ್ ಲೆಕ್ಕ ಹಾಕುತ್ತಾ ಕೂತಿದ್ದ. ಆ ಲೆಕ್ಕ ಸರಿಯಾಗಿ ಟೀಂ ಪ್ಲೇಆಫ್ ಸೇರಿಬಿಟ್ಟಿತು, ಅವತ್ತಿಂದ ಇವನನ್ನು ಹಿಡಿಯುವವರೇ ಇಲ್ಲ. ಅದೇ ವರ್ಷ ಹೆಣ್ಣುಮಕ್ಕಳು ತಮ್ಮ ಎರಡನೇ ಸೀಸನ್ನಿಗೇ ಕಪ್ ತಂದುಕೊಟ್ಟರು. ಅದು ಸರಿ, ನಿಜವಾದ ಕಪ್ ಯಾವಾಗ ಅಂದ ಮಹಾನುಭಾವರೂ ಇದ್ದರು. ಥೂ.

ಊರಿನ ಮೇಲಿನ ಪ್ರೀತಿ ಅಂತೀರಾ? 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ಡೆಲ್ಲಿ ಜೆರ್ಸಿ ಹಾಕಿಕೊಂಡು ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು, ಬ್ಯಾಟಿನಿಂದ ಸುತ್ತ ಗೆರೆ ಎಳೆದು ಇದು ನನ್ನ ಜಾಗ ಅಂತ ತೋರಿಸಿದ. ತಪ್ಪೇನು? ಕರ್ನಾಟಕಕ್ಕೆ ಆಡಿ ಬೆಳೆದವನು. ನಮ್ಮವರಿಗೆ ಮಾತ್ರ ಉರಿದುಹೋಯಿತು. ಇನ್ನು ರಣಜಿ ಅಂತ ಒಂದಿದೆ, ಅಲ್ಲಿ ರಾಜ್ಯದ ಹೆಸರಲ್ಲೇ ಒಂದು ತಂಡ ಆಡುತ್ತೆ. 2013-14, 2014-15 ಎರಡು ವರ್ಷ ಬೆನ್ನು ಬೆನ್ನಿಗೆ ಗೆದ್ದಿತ್ತು, ನೆನಪಿದೆಯಾ? ಆ ಮ್ಯಾಚುಗಳಿಗೆ ಹೋದರೆ ಸಾಮಾನ್ಯವಾಗಿ ಕಾಲು ಚಾಚಿ ಮಲಗುವಷ್ಟು ಜಾಗ ಖಾಲಿ ಇರುತ್ತೆ. ಡಿಜೆ ಇಲ್ಲ ನೋಡಿ, ನಿಷ್ಠೆಗೆ ಕುಣಿಯೋಕೆ ಆಗಲ್ಲ.

ತಮಾಷೆ ಸಾಕು. 2025ರ ಜೂನ್ 3ಕ್ಕೆ ಕಪ್ ಬಂತು. ಜೂನ್ 4ಕ್ಕೆ ಅದೇ ಚಿನ್ನಸ್ವಾಮಿಯ ಗೇಟುಗಳ ಹತ್ತಿರ 11 ಜನ ಕಾಲ್ತುಳಿತದಲ್ಲಿ ಸತ್ತರು. ಸರ್ಕಾರ, ಪೊಲೀಸರು, ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ, ಎಲ್ಲರೂ ತಪ್ಪನ್ನು ಪಕ್ಕದವರ ತಲೆಗೆ ಕಟ್ಟಿದರು. ಅದು ಅವರ ಹಳೇ ಚಾಳಿ, ಬೈದು ಬೈದು ನನಗೂ ಸಾಕಾಗಿದೆ. ಆದರೆ ನಮ್ಮವರೇ ಕೆಲವರು, ಅಷ್ಟು ಜನ ಸೇರಿರುವಾಗ ಯಾಕೆ ಹೋಗಬೇಕಿತ್ತು ಅಂತ ಸತ್ತವರಿಗೇ ಬುದ್ಧಿ ಹೇಳಿದರಲ್ಲ, ಅದು ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ಬನ್ನಿ ಅಂತ ಕರೆದವರು ಯಾರು ಅಂತ ಕೇಳೋಕೆ ಬಾಯಿ ಬರಲಿಲ್ಲ. ಕೊಹ್ಲಿಗೆ ಯಾರೋ ಒಂದು ಮಾತಂದರೆ ರಾತ್ರಿಯಿಡೀ ನಿದ್ದೆಗೆಟ್ಟು ಅವರ ಮನೆಮಂದಿಯನ್ನೆಲ್ಲ ಬೈಯುವ ಸೈನ್ಯ ಇದು. ಈ 11 ಜನರ ಲೆಕ್ಕ ಕೇಳೋಕೆ ಎಷ್ಟು ರಾತ್ರಿ ನಿದ್ದೆಗೆಟ್ಟಿತು? ಸತ್ತವರು ಎದುರಾಳಿ ಟೀಮಿನವರಲ್ಲ ಕಣ್ರಪ್ಪಾ, ಕಪ್ ನಮ್ದೇ ಅಂತ ಕೂಗಿದವರೇ.