ಕಡಿವಾಣ ಹಾಕುವುದು ಓಡಿಸಲಿಕ್ಕೆ

ಪೇಪರ್ ತೆಗೆದರೆ ದಿನಕ್ಕೊಂದು ಕಡಿವಾಣ. ಬೆಲೆ ಏರಿಕೆಗೆ ಕಡಿವಾಣ, ಸುಳ್ಳು ಸುದ್ದಿಗೆ ಕಡಿವಾಣ, ಅಕ್ರಮ ಗಣಿಗಾರಿಕೆಗೆ ಕಡಿವಾಣ. ಬಹುತೇಕ ಕಡೆ ಬರೆದವರ ಮನಸ್ಸಿನಲ್ಲಿರುವುದು ನಿಷೇಧ, ಇಲ್ಲವೇ ತಡೆ. ಕುದುರೆ ಓಡಲೇಬಾರದು ಎಂದಿದ್ದರೆ ಲಾಯದಲ್ಲಿ ಕಟ್ಟಿಹಾಕಿದರೆ ಮುಗಿಯಿತಲ್ಲ? ಅದರ ಬಾಯಿಗೆ ಕಡಿವಾಣ ಕೊಡುವುದೇ ಓಡಿಸಲು, ಹೇಳಿದ ಕಡೆಗೆ, ಹೇಳಿದ ವೇಗದಲ್ಲಿ.

ಕಡಿವಾಣ, ಲಗಾಮು ಎರಡನ್ನೂ ನಾವು ಒಂದೇ ಎಂಬಂತೆ ಬಳಸುತ್ತೇವೆ, ತಪ್ಪೇನಿಲ್ಲ. ಬಿಡಿಸಿ ನೋಡಿದರೆ ಬಾಯೊಳಗೆ ಕೂರುವ ಲೋಹದ ತುಂಡು ಕಡಿವಾಣ; ಅದರ ಎರಡು ಬದಿಯ ಬಳೆಗಳಿಂದ ಸವಾರನ ಕೈಗೆ ಬರುವ ಪಟ್ಟಿ ವಾಘೆ. ಲಗಾಮು ಪಾರಸಿಯಿಂದ ಬಂದ ಮಾತು, ಈಗ ಇಡೀ ಸಾಮಾನಿಗೂ ನಡೆಯುತ್ತದೆ.

ಕುದುರೆಯ ಕೆಳದವಡೆಯಲ್ಲಿ ಮುಂದಿನ ಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಖಾಲಿ ಜಾಗವಿದೆ. ಕಡಿವಾಣ ಕೂರುವುದು ಅಲ್ಲಿ, ನಾಲಿಗೆಯ ಮೇಲೆ. ಆ ಜಾಗದಲ್ಲಿ ಮೂಳೆಯ ಮೇಲೆ ತೆಳು ಒಸಡು ಬಿಟ್ಟರೆ ಬೇರೆ ಹೊದಿಕೆಯಿಲ್ಲ. ತೊಡಿಸುವಾಗ ಎಡಗಡೆ ನಿಂತು, ಮೊದಲು ವಾಘೆಯನ್ನು ಕುತ್ತಿಗೆಯ ಮೇಲೆ ಹಾಕಿಕೊಳ್ಳಬೇಕು. ಆಮೇಲೆ ಬಾಯಿಯ ಅಂಚಿನಿಂದ ಆ ಖಾಲಿ ಜಾಗಕ್ಕೆ ಹೆಬ್ಬೆರಳು ಇಟ್ಟರೆ ಬಾಯಿ ತಾನೇ ತೆರೆಯುತ್ತದೆ. ಲೋಹವನ್ನು ಹಲ್ಲಿಗೆ ಬಡಿಯದಂತೆ ಜಾರಿಸಿ, ತಲೆಪಟ್ಟಿಯನ್ನು ಕಿವಿಗಳ ಹಿಂದೆ ಕೂರಿಸುವುದು. ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಕಂಡರೆ ಸಾಮಾನ್ಯವಾಗಿ ಅಳತೆ ಸರಿ. ತೀರಾ ಕೆಳಗೆ ಜೋತರೆ ಕುದುರೆ ನಾಲಿಗೆಯನ್ನು ಅದರ ಮೇಲೆ ತಂದುಬಿಡುತ್ತದೆ, ತೀರಾ ಬಿಗಿಯಾದರೆ ತುಟಿ ಕೊಯ್ಯುತ್ತದೆ. ಗಂಟಲ ಪಟ್ಟಿಯೊಳಗೆ ನಾಲ್ಕು ಬೆರಳು ಹೋಗುವಷ್ಟು ಸಡಿಲ ಇರಲಿ.

ಇದೆಲ್ಲ ಆಗುವುದು ನಿಂತ ಕುದುರೆಗೆ. ನಾಗಾಲೋಟದಲ್ಲಿರುವ ಕುದುರೆಗೆ ಯಾರೂ ಕಡಿವಾಣ ತೊಡಿಸಲಾರರು. ಹಾಗಾಗಿ 'ಕೈಮೀರಿದ ಮೇಲೆ ಕಡಿವಾಣ ಹಾಕಿದರು' ಎಂಬ ವಾಕ್ಯ ನನಗೆ ಅರ್ಧ ಹಾಸ್ಯದಂತೆ ಕೇಳುತ್ತದೆ. ಅಲ್ಲಿ ಹೇಳಬೇಕಾದದ್ದು 'ಲಗಾಮು ಬಿಗಿ ಮಾಡಿದರು', ಅದೂ ಲಗಾಮು ಮೊದಲೇ ಇದ್ದಿದ್ದರೆ.

ಬಿಗಿ ಮಾಡುವುದರಲ್ಲೂ ಒಂದು ಲೆಕ್ಕವಿದೆ. ಹೊಸ ಸವಾರರು ಹೆದರಿದಾಗ ಎರಡೂ ವಾಘೆಗಳನ್ನು ಜಗ್ಗಿ ಹಿಡಿದು ಬಿಡುವುದೇ ಇಲ್ಲ. ಆಗ ಕುದುರೆ ಆ ಎಳೆತಕ್ಕೇ ಒರಗಿ ಇನ್ನೂ ಜೋರಾಗಿ ನುಗ್ಗುತ್ತದೆ, ಇಲ್ಲವೇ ನೋವಿಗೆ ತಲೆ ಎತ್ತಿ ಕಡಿವಾಣದಿಂದ ತಪ್ಪಿಸಿಕೊಳ್ಳುತ್ತದೆ. ಎಳೆದಾಟಕ್ಕೆ ಇಳಿದರೆ ಸೋಲುವುದು ಸವಾರನೇ. ಪ್ರಾಣಿಯ ತೂಕ ಸುಮಾರು 400–500 ಕಿಲೋ. ಪಳಗಿದ ಕೈ ಬೆರಳು ಮುಚ್ಚಿ ಒತ್ತಡ ಕೊಡುತ್ತದೆ, ಕುದುರೆ ಒಪ್ಪಿ ನಿಧಾನಿಸಿದ ಆ ಕ್ಷಣವೇ ಬಿಡುತ್ತದೆ. ಕುದುರೆ ಕಲಿಯುವುದು ಆ ಬಿಡುವಿಕೆಯಿಂದ. ವಾಘೆ ಉಂಗುರ ಬೆರಳು ಮತ್ತು ಕಿರುಬೆರಳಿನ ನಡುವಿನಿಂದ ಬಂದು ಹೆಬ್ಬೆರಳಿನ ಕೆಳಗೆ ನಿಲ್ಲಬೇಕು. ಮೊಣಕೈಯಿಂದ ಕುದುರೆಯ ಬಾಯಿವರೆಗೆ ಒಂದೇ ಗೆರೆ. ಮಣಿಕಟ್ಟು ಸೊಟ್ಟಗಾಯಿತೋ, ಸೂಕ್ಷ್ಮ ಹೋಯಿತು.

'ಲಗಾಮು ಸಡಿಲ ಬಿಟ್ಟರು' ಎಂದರೆ ನಮ್ಮಲ್ಲಿ ಬೈಗುಳ. ಸವಾರಿಯಲ್ಲಿ ಅದೂ ಕೆಲಸದ ಭಾಗ. ಏರು ಹತ್ತುವಾಗ, ಅಡೆ ಜಿಗಿಯುವಾಗ ಕುದುರೆಗೆ ಕುತ್ತಿಗೆ ಚಾಚಲು ವಾಘೆ ಬಿಟ್ಟುಕೊಡಲೇಬೇಕು, ಕೊಡದಿದ್ದರೆ ತೂಕ ಹೊಂದಿಸಿಕೊಳ್ಳಲಾಗದೆ ಎಡವುತ್ತದೆ. ಸಡಿಲ ಬಿಡುವುದು ಬೇರೆ, ಕೈಬಿಡುವುದು ಬೇರೆ. ಕೈಬಿಟ್ಟ ವಾಘೆ ಕುದುರೆಯ ಮುಂಗಾಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅಧಿಕಾರಿಗಳಿಗೆ ಸ್ವಾತಂತ್ರ್ಯ ಕೊಟ್ಟ ಸಚಿವರನ್ನು 'ಲಗಾಮು ಸಡಿಲಿಸಿದ್ದಾರೆ' ಎಂದು ಬರೆದರೆ ಅದನ್ನು ಹೊಗಳಿಕೆಯಾಗಿಯೂ ಓದಬಹುದು. ಏನು ನಡೆಯುತ್ತಿದೆಯೆಂದೇ ನೋಡದವರಿಗೆ 'ಲಗಾಮು ಕೈಬಿಟ್ಟಿದ್ದಾರೆ' ಎಂಬುದೇ ತಕ್ಕ ಮಾತು.

ಕಠೋಪನಿಷತ್ತಿನ ರಥದ ರೂಪಕದಲ್ಲೂ ಈ ವಿವೇಚನೆ ಇದೆ. ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಕುದುರೆಗಳನ್ನು ಬಿಚ್ಚಿ ಕಳಿಸಿ ಎಂದು ಅಲ್ಲಿ ಹೇಳಿಲ್ಲ, ರಥ ಹೋಗಲೇಬೇಕು.

ಬರೆಯುವವರಿಗೆ ಒಂದು ಪರೀಕ್ಷೆ: ಆ ಸಂಗತಿ ನಡೆಯುತ್ತಿರಬೇಕೋ ಬೇಡವೋ? ಖರ್ಚು, ಬಾಡಿಗೆ, ನಾಲಿಗೆ, ಇವು ನಡೆಯಲೇಬೇಕು, ಹದ್ದಿನಲ್ಲಿ, ಕಡಿವಾಣ ಸರಿಹೊಂದುತ್ತದೆ. ಅಕ್ರಮ ಗಣಿಗಾರಿಕೆ, ಲಂಚ, ಮಕ್ಕಳ ಸಾಗಣೆ ಹದ್ದಿನಲ್ಲೂ ನಡೆಯಬಾರದು. ಅಲ್ಲಿ 'ತಡೆ', 'ಕೊನೆ', 'ಬಂದ್' ಎಂದೇ ಬರೆಯಿರಿ. 'ಸಂಪೂರ್ಣ ಕಡಿವಾಣ' ಎಂಬುದನ್ನಂತೂ ದಯವಿಟ್ಟು ಕೈಬಿಡಿ. ಅರ್ಧ ಕಡಿವಾಣ ತೊಟ್ಟ ಕುದುರೆಯನ್ನು ಯಾರೂ ಕಂಡಿಲ್ಲ.