ಸತ್ಯಾಂಶ: ಇಲಿಯ ಆತಂಕ ಇಳಿಸಿದ್ದು ಗಾಂಜಾ ಕಷಾಯವಲ್ಲ

‘ಗಾಂಜಾ ಕಷಾಯ ಆತಂಕಕ್ಕೆ ರಾಮಬಾಣ, ಇಲಿಗಳಲ್ಲಿ ಸಾಬೀತು’ ಎಂಬ ಸಂದೇಶ ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಇಲಿಗಳಿಗೆ ಚುಚ್ಚಿದ್ದು ಗಾಂಜಾದಲ್ಲಿರುವ ಕ್ಯಾನಬಿಡಿಯಾಲ್ ಎಂಬ ಒಂದೇ ಅಂಶವನ್ನು. ಆಮೇಲೆ ನೆಲದಿಂದ ಎತ್ತರದಲ್ಲಿರುವ ನಾಲ್ಕು ತೋಳಿನ ಹಲಗೆಯ ಮೇಲೆ 5 ನಿಮಿಷ ಬಿಡುತ್ತಾರೆ. ಎರಡು ತೋಳಿಗೆ ಗೋಡೆಯಿದೆ, ಎರಡಕ್ಕಿಲ್ಲ. ಅಂಜಿಕೆ ಇಳಿದ ಇಲಿ ಬಯಲು ತೋಳಿನಲ್ಲಿ ಹೆಚ್ಚು ಹೊತ್ತು ಇರುತ್ತದೆ. ಬರೀ ಓಡಾಟ ಹೆಚ್ಚಿದರೂ ಹಾಗೆ ಕಾಣಬಹುದು; ಅದಕ್ಕೇ ಗೋಡೆಯ ತೋಳಿಗೆ ಹೊಕ್ಕ ಸಲಗಳನ್ನೂ ಎಣಿಸಬೇಕು. 1990ರ ಬ್ರೆಜಿಲ್ ಪ್ರಯೋಗದಲ್ಲಿ ಕಿಲೋ ತೂಕಕ್ಕೆ 2.5ರಿಂದ 10 ಮಿಲಿಗ್ರಾಂ ಫಲ ಕೊಟ್ಟಿತು, 20 ಕೊಡಲಿಲ್ಲ. ಹೆಚ್ಚು ಕುಡಿದರೆ ಹೆಚ್ಚು ಗುಣ ಎಂಬ ಲೆಕ್ಕ ಇಲ್ಲೇ ಮುರಿಯುತ್ತದೆ.

ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ಅಂಶವೂ ಇದೆ. ಅದು ಹೆಚ್ಚಾದರೆ ಎದೆಬಡಿತ, ಗಾಬರಿ. ಕೊಡಗಿನಲ್ಲಿ ಕಕ್ಕಡ ತಿಂಗಳ 18ರಂದು ಬೇಯಿಸಿ ಬಳಸುವ ಮದ್ದುಸೊಪ್ಪಿನಂತೆ ಇದನ್ನು ದಯವಿಟ್ಟು ಕುದಿಸಿ ಕುಡಿಯಬೇಡಿ. ಆತಂಕ ಕಾಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.